ಶೀನನ ಕಂಪ್ಯೂಟರೂ ಓನರ್ ಅಂಕಲ್ಲೂ

"ನೂರಕ್ಕೆ ನೂರು ಕಣ್ರೋ!" ಅಂತ ಶೀನ ಫೋನ್ ಮಾಡಿದಾಗ ಅವನ ತಂಗಿಯ ರಿಸಲ್ಟ್ ಬಂದಿರಬೇಕು ಅಂದುಕೊಂಡು ನಾವು ಮೂವರೂ ಸ್ವೀಟ್ ತಿನ್ನೋಕೆ ಹೊರಟೆವು. ವಿಜಯನಗರದ ಅವನ ಹೊಸ ಬಾಡಿಗೆ ಮನೆ ಮೆಟ್ಟಿಲು ಹತ್ತಿದ ಮೇಲೆ ಗೊತ್ತಾಯಿತು, ನೂರು ತೆಗೆದಿದ್ದು ಅವನ ಕಂಪ್ಯೂಟರಿನ ಪ್ರೊಸೆಸರ್, ಅಂದರೆ ಅದರ ಮುಖ್ಯ ಚಿಪ್. ಮಾರ್ಕ್ಸ್ ಅಲ್ಲ, ಡಿಗ್ರಿ.

ಅವನದು ಇಂಟೆಲ್ ಐ7 13700ಕೆ. ಅದಕ್ಕೆ ಕಂಪನಿಯವರು ಹಾಕಿರುವ ಗೆರೆಯೇ 100 ಡಿಗ್ರಿ. ಗೆರೆ ಮುಟ್ಟಿದ ತಕ್ಷಣ ಚಿಪ್ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ. ಹಾಗಾಗಿ ಶೀನನ ಗೇಮಿನಲ್ಲಿ ಹೀರೋ ಬಂದೂಕು ಎತ್ತುವಷ್ಟರಲ್ಲಿ ವಿಲನ್ ಗುಂಡು ಹೊಡೆದು, ಕಾಫಿ ಕುಡಿದು, ಮನೆಗೆ ಹೋಗಿರುತ್ತಿದ್ದ.

"ನಿಂದು ಲಿಕ್ವಿಡ್ ಕೂಲರ್ ಅಲ್ವೇನೋ? ಅಷ್ಟೊಂದು ದುಡ್ಡು ಸುರಿದೆ?" ಅಂದ ನಾಗ. ಚಿಪ್ಪಿನ ಮೇಲೆ ಕೂತ ಬ್ಲಾಕಿನ ಪಂಪ್ ನೀರನ್ನು ಪೈಪಿನಲ್ಲಿ ಓಡಿಸುತ್ತದೆ, ಫ್ಯಾನುಗಳಿರುವ ರೇಡಿಯೇಟರ್ ಅದನ್ನು ತಣ್ಣಗೆ ಮಾಡಿ ವಾಪಸ್ ಕಳಿಸುತ್ತದೆ, ಅದೇ ಲಿಕ್ವಿಡ್ ಕೂಲರ್.

"ಅದೇ ಹೊಟ್ಟೆ ಉರಿ ನಂಗೆ. ಕೆಂಗೇರಿ ಮನೇಲಿ ಚೆನ್ನಾಗೇ ಇತ್ತು."

"ಬೆಂಗಳೂರು ಹವಾನೇ ಕೆಟ್ಟೋಯ್ತು ಗುರು" ಅಂದ ಗಿರಿ. "2016ರ ಏಪ್ರಿಲಲ್ಲಿ 39.2 ಡಿಗ್ರಿ ಹೊಡೀತು, ನೆನಪಿದೆಯಾ? ಈ ಊರಲ್ಲಿ ಮನುಷ್ಯರಿಗೇ ಆಗಲ್ಲ, ಇನ್ನು ಪ್ರೊಸೆಸರ್ ಯಾವ ಲೆಕ್ಕ?"

ಗಿರಿ ತನ್ನ ಸ್ಕೂಟರ್ ಪಂಕ್ಚರ್ ಆದರೂ ಹವಾಮಾನವನ್ನೇ ಬೈಯುವವನು. ಅವನ ಮಾತಲ್ಲಿ ಸ್ವಲ್ಪ ನಿಜ ಇಲ್ಲದಿಲ್ಲ. ಕೂಲರಿನೊಳಗಿನ ನೀರು ರೂಮಿಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ರೂಮು ಐದು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆದರೆ ಅವತ್ತು ರೂಮಿನಲ್ಲಿ 30 ಡಿಗ್ರಿ. ಯಾವ ಕೆಲಸವೂ ಇಲ್ಲದೆ ಸುಮ್ನೆ ಕೂತಿದ್ದ ಚಿಪ್ಪು 75 ತೋರಿಸುತ್ತಿತ್ತು. ಮಧ್ಯದ ಆ 45 ಡಿಗ್ರಿಗೆ ಹವಾಮಾನ ಇಲಾಖೆ ಜವಾಬ್ದಾರಿ ಅಲ್ಲ.

"ನಂದು ರೈಜನ್ 7000. ಲೋಡ್ ಬಿದ್ರೆ ಸೀದಾ 95ಕ್ಕೆ ಹೋಗಿ ಕೂರುತ್ತೆ. ಆ ಪ್ರೊಸೆಸರ್ ಮಾಡೋ ಎಎಂಡಿಯವರೇ ಏನೂ ಆಗಲ್ಲ ಅಂದಿದ್ದಾರೆ" ಅಂದ ಗಿರಿ.

"ಲೋಡ್ ಬಿದ್ರೆ ಕಣಪ್ಪಾ. ಇದು ವಾಲ್‌ಪೇಪರ್ ತೋರಿಸೋಕೇ ಬೆವರ್ತಿದೆ."

ನಾಗ ತೋಳು ಮಡಚಿದ. "ಪೇಸ್ಟ್ ಒಣಗಿದೆ. ಬರೆದುಕೊಡ್ತೀನಿ ಬೇಕಾದ್ರೆ."

ಅಡುಗೆಮನೆಯಿಂದ ಶೀನನ ಅಮ್ಮ, "ಪೇಸ್ಟ್ ಬೇಕೇನ್ರೋ? ಬಚ್ಚಲಲ್ಲಿದೆ ನೋಡಿ" ಅಂದರು.

ನಗಬೇಡಿ. ಹಲ್ಲುಜ್ಜುವ ಪೇಸ್ಟನ್ನೇ ಚಿಪ್ಪಿಗೆ ಬಳಿದು ಪರೀಕ್ಷೆ ಮಾಡಿದ ಪುಣ್ಯಾತ್ಮರು ಇದ್ದಾರೆ. ಒದ್ದೆ ಇರುವಷ್ಟು ಹೊತ್ತು ಕೆಲಸ ಮಾಡುತ್ತದಂತೆ, ಆಮೇಲೆ ಒಣಗಿ ಸುಣ್ಣ. ಚಿಪ್ಪಿನ ಮುಚ್ಚಳಕ್ಕೂ ಕೂಲರಿನ ತಾಮ್ರದ ಪ್ಲೇಟಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿರುತ್ತವೆ. ಅಲ್ಲಿ ಗಾಳಿ ನಿಲ್ಲದ ಹಾಗೆ ತುಂಬಿಕೊಳ್ಳುವುದಷ್ಟೇ ಪೇಸ್ಟಿನ ಕೆಲಸ. ನಾಗ ಕೂಲರ್ ಬಿಚ್ಚಿ, ಹಳೇ ಪೇಸ್ಟ್ ಒರೆಸಿ, ಸರಿಯಾದ ಥರ್ಮಲ್ ಪೇಸ್ಟನ್ನೇ ಹಾಕಿ, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡಿದ. ಆನ್ ಮಾಡಿದರೆ 75 ಇದ್ದದ್ದು 74 ಆಗಿತ್ತು.

"ಇಳೀತು ನೋಡು!" ಅಂದ. ಆ ಆತ್ಮವಿಶ್ವಾಸ ನಮಗೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಎಂಎಲ್‌ಎ ಆಗಿರುತ್ತಿದ್ದೆವು.

"ಸಾಕು ಬಿಡ್ರೋ. ಎಸ್.ಪಿ. ರೋಡಿಗೆ ಹೋಗಿ ಹೊಸ ಕೂಲರ್ ತಂದ್ಬಿಡೋಣ. ಹಾಗೇ ಚಿಕ್ಕಪೇಟೇಲಿ ಒಂದೊಂದು ದೋಸೆ" ಅಂತ ಗಿರಿ ಎದ್ದ. ಗಿರಿಯ ಯಾವ ರಿಪೇರಿಯೂ ದೋಸೆ ಇಲ್ಲದೆ ಮುಗಿಯುವುದಿಲ್ಲ.

ನಾನು ಸುಮ್ನೆ ರೇಡಿಯೇಟರ್ ಮುಟ್ಟಿ ನೋಡಿದೆ. ತಣ್ಣಗಿತ್ತು! ಪಂಪ್ ಇರುವ ಬ್ಲಾಕ್ ಮಾತ್ರ ಕೈ ಇಡಲಾಗದಷ್ಟು ಬಿಸಿ. ಒಂದು ಪೈಪ್ ಬುಡದಲ್ಲಿ ಬಿಸಿ, ಇನ್ನೊಂದು ಪೂರ್ತಿ ತಣ್ಣಗೆ.

"ಸರಿಯಾಗೇ ಇದೆಯಲ್ಲ. ಬಿಸಿ ನೀರು ಹೋಗುತ್ತೆ, ತಣ್ಣೀರು ಬರುತ್ತೆ" ಅಂದ ನಾಗ.

ಕೇಳೋಕೆ ಸರಿ ಅನ್ನಿಸುತ್ತೆ, ಲೆಕ್ಕಕ್ಕೆ ಮಾತ್ರ ಕೂರುವುದಿಲ್ಲ. ನಿಮಿಷಕ್ಕೆ ಒಂದು ಲೀಟರ್ ಹರಿದರೂ ಸಾಕು, 250 ವಾಟ್ ಬಿಸಿ ಹೊತ್ತ ನೀರು ಏರುವುದು ಬರೀ ಮೂರೂವರೆ ಡಿಗ್ರಿ. ನೀರು ಓಡುತ್ತಿದ್ದರೆ ಎರಡೂ ಪೈಪು ಕೈಗೆ ಒಂದೇ ಥರ ಬೆಚ್ಚಗಿರಬೇಕು. ಚಿಪ್ಪು ಸುಡುತ್ತಾ ರೇಡಿಯೇಟರ್ ತಣ್ಣಗಿದೆ ಅಂದರೆ ಬಿಸಿ ಅಲ್ಲಿಗೆ ತಲುಪೇ ಇಲ್ಲ. ಆ ಮೂರು ಫ್ಯಾನುಗಳು ಯಾವುದಕ್ಕೆ ಗಾಳಿ ಹಾಕುತ್ತಿದ್ದವೋ ದೇವರಿಗೇ ಗೊತ್ತು.

"ಪಂಪ್ ಸತ್ತಿದೆ!" ಅಂತ ಗಿರಿ ಹೆಲ್ಮೆಟ್ ಎತ್ತಿಕೊಂಡ. ಶೀನ ಬಯೋಸ್, ಅಂದರೆ ಕಂಪ್ಯೂಟರಿನ ಒಳಗಿನ ಸೆಟ್ಟಿಂಗ್ ಪರದೆ, ತೆಗೆದು ನೋಡಿದ. ಪಂಪ್ ನಿಮಿಷಕ್ಕೆ 2,900 ಸುತ್ತು ತಿರುಗುತ್ತಿತ್ತು. ಗಿರಿ ಹೆಲ್ಮೆಟ್ ಇಳಿಸಿದ.

ಅಷ್ಟರಲ್ಲಿ ಕೆಳಗಿನ ಮನೆ ಓನರ್ ಅಂಕಲ್ ಬಂದರು. ಸಂಪಿಗೆ ಟ್ಯಾಂಕರ್ ನೀರು ಹಾಕಿಸಿದ್ದರು, ಅದರ ದುಡ್ಡು ಕೇಳೋಕೆ. ಬಾಗಿಲಲ್ಲೇ ನಿಂತು ಕಿವಿ ನಿಮಿರಿಸಿದರು.

"ಎಲ್ಲೋ ಮೋಟರ್ ಏರ್ ಎಳೀತಿದೆಯಲ್ಲಪ್ಪಾ?"

"ಮೋಟರ್ ಅಲ್ಲ ಅಂಕಲ್, ಕಂಪ್ಯೂಟರ್."

"ಯಾವುದೋ ಒಂದು. ಸದ್ದು ಕೇಳಲ್ವಾ ನಿಮಗೆ?"

ಫ್ಯಾನ್ ನಿಲ್ಲಿಸಿ ಕಿವಿಗೊಟ್ಟೆವು. ನಿಜ, ಒಳಗೆ ಸಣ್ಣಗೆ ಗುಳುಗುಳು. ನಾಲ್ಕು ಜನ ಇಂಜಿನಿಯರುಗಳು ಮಧ್ಯಾಹ್ನದಿಂದ ಮಾತಾಡಿದ ಗಲಾಟೆಯಲ್ಲಿ ಅದು ನಮ್ಮ ಕಿವಿಗೆ ಬಿದ್ದೇ ಇರಲಿಲ್ಲ.

"ನಮ್ ಸಂಪ್ ಮೋಟರೂ ಹೀಗೇ. ಕರೆಂಟ್ ಇರುತ್ತೆ, ತಿರುಗುತ್ತೆ, ಸದ್ದೂ ಬರುತ್ತೆ. ನೀರು ಮಾತ್ರ ಏರಲ್ಲ. ಏರ್ ಲಾಕು" ಅಂದರು ಅಂಕಲ್.

ಆಮೇಲೆ ಕ್ಯಾಬಿನೆಟ್ ಸರಿಯಾಗಿ ನೋಡಿದೆವು. ರೇಡಿಯೇಟರ್ ತಳದಲ್ಲಿತ್ತು, ಪಂಪ್ ಮೇಲೆ. ಇಂಥ ಕೂಲರುಗಳನ್ನು ಕಂಪನಿಯಲ್ಲೇ ಸೀಲ್ ಮಾಡಿದ್ದರೂ ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಪೈಪಿನ ಮೂಲಕವೇ ನೀರು ಹನಿ ಹನಿಯಾಗಿ ಆರುತ್ತದೆ, ಗಾಳಿ ಜಾಸ್ತಿಯಾಗುತ್ತದೆ. ಗಾಳಿ ಹೋಗಿ ಕೂರುವುದು ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ. ಆ ಜಾಗದಲ್ಲೇ ಪಂಪ್ ಇದ್ದರೆ ಅದು ಗಾಳಿಯನ್ನೇ ಕಡೆಯುತ್ತಾ ಕೂತಿರುತ್ತದೆ.

"ಇದನ್ನ ಕೆಳಗೆ ಯಾಕೋ ಹಾಕಿದೆ?"

ಶೀನ ಕಾಲ್ಬೆರಳು ನೋಡುತ್ತಾ, "ಕೆಂಗೇರೀಲಿ ಮೇಲೇ ಇತ್ತು. ಇಲ್ಲಿ ಸೋಫಾದಿಂದ ಫ್ಯಾನ್ ಲೈಟುಗಳು ಕಾಣ್ತಿರಲಿಲ್ಲ" ಅಂದ.

ಗಿರಿ ಹವಾಮಾನವನ್ನು ಬೈದಿದ್ದೇ ವಾಸಿ.

ಅಂಕಲ್ ಉತ್ಸಾಹದಲ್ಲಿದ್ದರು. "ಬಿಚ್ಚಿ, ಒಂದು ಚೊಂಬು ನೀರು ಹಾಕಿದ್ರೆ ಹಿಡ್ಕೊಳ್ಳುತ್ತೆ. ಕಾವೇರಿ ನೀರಿದೆ, ತರ್ಲಾ?"

ಶೀನ ಕ್ಯಾಬಿನೆಟ್ ತಬ್ಬಿಕೊಂಡ. ಒಳಗಿರುವುದು ಬರೀ ನೀರಲ್ಲ, ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕ ಬೆರೆಸಿದ ದ್ರವ. ಪ್ಲೇಟ್ ತಾಮ್ರ, ರೇಡಿಯೇಟರ್ ಬಹಳಷ್ಟು ಸಲ ಅಲ್ಯೂಮಿನಿಯಂ. ಎರಡರ ಮಧ್ಯೆ ಉಪ್ಪಿನಂಶದ ನಲ್ಲಿ ನೀರು ಬಿಟ್ಟರೆ ಅಲ್ಯೂಮಿನಿಯಂ ಸವೆಯೋಕೆ ಶುರು. ಕಾವೇರಿಯಾದರೂ ಅಷ್ಟೇ, ಬೋರ್‌ವೆಲ್ ಆದರೂ ಅಷ್ಟೇ.

ರೇಡಿಯೇಟರ್ ಬಿಚ್ಚಿ ಮೇಲೆ ಕೂರಿಸಿದೆವು. ಆನ್ ಮಾಡಿ ಕ್ಯಾಬಿನೆಟ್ಟನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿದೆವು. ಜೋರಾಗಿ ಒಂದು ಗುಳುಕ್ ಅಂತು. ಗಾಳಿ ರೇಡಿಯೇಟರಿನ ಮೇಲಿನ ಮೂಲೆಗೆ ಹೋಯಿತು. ಅಲ್ಲಿ ಎಷ್ಟು ದಿನ ಇದ್ದರೂ ಯಾರಿಗೂ ತೊಂದರೆ ಇಲ್ಲ. 74, 61, 48, ಕೊನೆಗೆ 39ಕ್ಕೆ ನಿಂತಿತು. ಗೇಮ್ ಹಾಕಿದರೂ 72 ದಾಟಲಿಲ್ಲ. ವಿಲನ್ ಮೊದಲ ಗುಂಡಿಗೇ ಬಿದ್ದ.

ಅಂಕಲ್ ಹೆಮ್ಮೆಯಿಂದ ಪರದೆ ನೋಡುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಇದು ಕರೆಂಟ್ ಎಷ್ಟು ತಗೊಳ್ಳುತ್ತಪ್ಪಾ?" ಅಂದರು.

ನಾಗನಿಗೆ ಲೆಕ್ಕ ಅಂದರೆ ಪ್ರಾಣ. "ಆಟ ಆಡುವಾಗ ಗ್ರಾಫಿಕ್ಸ್ ಕಾರ್ಡೂ ಸೇರಿ 500 ವಾಟ್ ಇಟ್ಕೊಳ್ಳಿ ಅಂಕಲ್. ದಿನಕ್ಕೆ ನಾಲ್ಕು ಗಂಟೆ ಅಂದ್ರೆ ಎರಡು ಯೂನಿಟ್. ತಿಂಗಳಿಗೆ 60."

"ಗೃಹಜ್ಯೋತಿ 200ರವರೆಗೆ ಮಾತ್ರ ಅಲ್ವಾ? ದಾಟಿದ್ರೆ ಪೂರ್ತಿ ಬಿಲ್ಲು. ಮೀಟರ್ ನೋಡಿದ್ರೆ ನಿಮ್ದು ನಮ್ದು ಒಂದೇ..."

ಶೀನ ಮಾನಿಟರ್ ಆರಿಸಿ ಪರ್ಸ್ ತೆಗೆದ. "ಅಂಕಲ್, ಟ್ಯಾಂಕರ್‌ದು ಎಷ್ಟಂದ್ರಿ?"