ಅದು ಹೆಬ್ಬಾವಿನ ಮರಿ ಅಲ್ಲ ಅತ್ತಿಗೆ

ಅತ್ತಿಗೆ, ಈಗ ನೋಡಿದೆ ನೀವು ಗ್ರೂಪಿಗೆ ಹಾಕಿರೋ ಫೋಟೋ, ಕಲ್ಲುರಾಶಿ ಮೇಲೆ ಬಿಸಿಲಿಗೆ ಸುತ್ಕೊಂಡು ಮಲಗಿರೋ ಹಾವು. ಟೈಪ್ ಮಾಡ್ತಾ ಕೂತ್ರೆ ಹೊತ್ತಾಗುತ್ತೆ, ಬಾಯಲ್ಲೇ ಹೇಳಿಬಿಡ್ತೀನಿ. ಭಾವ ಕೆಳಗೆ "ಹೆಬ್ಬಾವಿನ ಮರಿ, ಚೀಲಕ್ಕೆ ಹಾಕಿ ಆಚೆ ಬಿಟ್ಟು ಬರ್ತೀನಿ" ಅಂತ ಬರೆದಿದಾರಲ್ಲ, ದಯವಿಟ್ಟು ಬೇಡ. ಅದು ಕೊಳಕುಮಂಡಲ, ವಿಷದ ಹಾವು.

ಫೋಟೋ ದೊಡ್ಡದು ಮಾಡಿ ಬೆನ್ನು ನೋಡಿ. ಮೊಟ್ಟೆಯಾಕಾರದ ಕಂದು ಮಚ್ಚೆ, ಒಂದರ ಹಿಂದೆ ಒಂದು, ಸಾಲಾಗಿ. ಪ್ರತಿಯೊಂದಕ್ಕೂ ಕಪ್ಪು ಅಂಚು, ಅದರಾಚೆ ತೆಳ್ಳಗೆ ಬಿಳಿ ಗೆರೆ. ಎರಡೂ ಪಕ್ಕೆಗೂ ಅಂಥದೇ ಒಂದೊಂದು ಸಾಲು. ಹೆಬ್ಬಾವಿಗೆ ಇಷ್ಟು ಅಚ್ಚುಕಟ್ಟಾದ ಸಾಲು ಇರಲ್ಲ, ಮಚ್ಚೆ ಅಡ್ಡಾದಿಡ್ಡಿ ಇರುತ್ತೆ, ಮೈ ನುಣುಪು. ಇದರದ್ದು ಒರಟು, ಒಂದೊಂದು ಹುರುಪೆಯ ಮಧ್ಯದಲ್ಲೂ ಒಂದು ಏಣು. ಮಣ್ಣುಮುಕ್ಕ ಹಾವೂ ಹೀಗೇ ಯಾಮಾರಿಸುತ್ತೆ, ಆದ್ರೆ ಅದರ ಮಚ್ಚೆಗಳು ಒಂದಕ್ಕೊಂದು ಕೂಡ್ಕೊಂಡು ಅಂಕುಡೊಂಕಾಗಿರುತ್ತೆ, ಬಾಲ ಗಿಡ್ಡ, ಮೊಂಡು. ತಲೆ ತ್ರಿಕೋನ ಇದ್ರೆ ಮಾತ್ರ ವಿಷದ್ದು ಅನ್ನೋ ಮಾತು ಮರೆತುಬಿಡಿ. ನಾಗರಹಾವಿಗೆ, ಕಟ್ಟುಹಾವಿಗೆ ಎಲ್ಲಿದೆ ತ್ರಿಕೋನ?

ಹಗಲಲ್ಲಿ ಯಾಕೆ ಬಂತು ಅಂತ ಕೇಳಿದ್ರಿ. ಹಾವಿಗೆ ಮೈಯೊಳಗೆ ಸ್ವಂತ ಕಾವು ಹುಟ್ಟಲ್ಲ. ಚಳಿ ಇಳೀತಿರೋ ಈ ದಿನಗಳಲ್ಲಿ ರಾತ್ರಿ ಇನ್ನೂ ತಣ್ಣಗೇ ಇರೋದ್ರಿಂದ, ಹೊತ್ತೇರಿದ ಮೇಲೆ ಬಿಸಿಲು ಕಾಯೋಕೆ ಹೊರಗೆ ಬರುತ್ತೆ. ಸೆಕೆ ಶುರುವಾದ್ರೆ ಇದೇ ಹಾವು ಸಂಜೆ ಮೇಲೆ, ರಾತ್ರಿ ಓಡಾಡುತ್ತೆ, ಆಗ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಅಲ್ಲಾಡದೆ ಬಿದ್ದಿದೆ ಅಂತ ಜಡ ಅಂದ್ಕೋಬೇಡಿ, ಹತ್ರ ಹೋದ್ರೆ ಕುಕ್ಕರ್ ಸೀಟಿ ಥರ ಬುಸುಗುಡುತ್ತೆ, ಕಣ್ಣು ಮಿಟುಕಿಸೋದ್ರಲ್ಲಿ ಎರಗುತ್ತೆ.

ಚಿಕ್ಕಪ್ಪ, ನೀವು ಮೊನ್ನೆ ಕೇಳಿದ್ದ ಕರಿ ಮೈಯ ಬಿಳಿ ಪಟ್ಟೆ ಹಾವು: ಪಟ್ಟೆ ಬಾಲದ ಕಡೆ ಸ್ಪಷ್ಟವಾಗಿ, ಕತ್ತಿನ ಕಡೆ ಮಾಸಿದ್ರೆ ಕಟ್ಟುಹಾವು ಅಂತಲೇ ದೂರ ಇರಿ. ವಿಷವಿಲ್ಲದ ತೋಳದ ಹಾವಿಗೆ ಇದು ಉಲ್ಟಾ, ಕತ್ತಿನ ಹತ್ರ ಎದ್ದು ಕಾಣುತ್ತೆ, ಬಾಲಕ್ಕೆ ಹೋಗ್ತಾ ಮಾಸುತ್ತೆ. ಪೊರೆ ಬಿಡೋ ಮುಂಚೆ ಯಾವ ಹಾವಾದ್ರೂ ಮಂಕಾಗಿ, ಕಣ್ಣು ಹಾಲಿನಂತೆ ಬೆಳ್ಳಗಾಗುತ್ತೆ, ಆಗ ಬಣ್ಣ ನೋಡಿ ಏನೂ ಹೇಳೋಕಾಗಲ್ಲ.

ಇನ್ನೊಂದು, ಯಾರಿಗಾದ್ರೂ ಕಚ್ಚಿದ್ರೆ ಡಾಕ್ಟರಿಗೆ ತೋರಿಸ್ಬೇಕು ಅಂತ ಹಾವನ್ನ ಹುಡುಕ್ತಾ ಕೂರಬೇಡಿ. ನಮ್ಮಲ್ಲಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಕೊಡೋದು ಒಂದೇ ಔಷಧಿ. ಕುಯ್ಯೋದು, ಬಿಗಿಯಾಗಿ ಹಗ್ಗ ಕಟ್ಟೋದು ಬೇಡ, ಕೈಕಾಲು ಆಡಿಸದೆ ನೇರ ಆಸ್ಪತ್ರೆಗೆ ಹೋಗಿ.

ಸದ್ಯಕ್ಕೆ ಮಕ್ಕಳನ್ನ, ನಾಯಿನ ಆ ಕಡೆ ಬಿಡಬೇಡಿ, ಹಾವು ಹಿಡಿಯೋರಿಗೆ ಇಲ್ಲಾ ಅರಣ್ಯ ಇಲಾಖೆಗೆ ಫೋನ್ ಮಾಡಿ. ಭಾವ ಮೆಸೇಜ್ ನೋಡಿದಾರಾ? ಚೀಲ ಹುಡುಕ್ತಿದ್ರೆ ಈಗಲೇ ಹೋಗಿ ಕೇಳಿಸಿ.