ಮನೆಯವರ ಗ್ರೂಪ್‌ನಲ್ಲಿ ಮಾವ ಹಾಕಿದ ಜಿಪ್ ಫೈಲ್

ಮಂಡ್ಯ ಮಾವ: ಕನ್ನಡ ಟೈಪಿಂಗ್ ಕಲಿಸುವ ಸಾಫ್ಟ್‌ವೇರ್ ಸಿಕ್ಕಿದೆ, ಜಿಪ್ ಹಾಕಿದ್ದೀನಿ ನೋಡಿ. ನಮ್ಮ ತಾಲ್ಲೂಕಿನ ಹೈಸ್ಕೂಲ್‌ಗಳಿಗೆಲ್ಲ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡೋಣ ಅಂತಿದ್ದೀನಿ. ಗುತ್ತಲು ರಸ್ತೆಯ ಕಂಪ್ಯೂಟರ್ ಅಂಗಡಿಯವನು ಕಾಪಿ ಮಾಡಿಕೊಡ್ತಾನೆ. ಒಂದಕ್ಕೆ 50 ರೂಪಾಯಿ.

ದೊಡ್ಡಪ್ಪ: ಒಳ್ಳೇ ಕೆಲಸ ಮೇಷ್ಟ್ರೇ. ಒಂದು ಶಾಲೆ ಖರ್ಚು ನನ್ನದು.

ನಾನು: ಮಾವ, ಜಿಪ್ ಬಿಚ್ಚಿ ನೋಡಿದೆ. ಏನೇನು ಮಾಡಬಹುದು ಅಂತ ಅನುಮತಿ ಬರೆದಿಡುವ ಲೈಸೆನ್ಸ್ ಫೈಲ್ ಇಲ್ಲ. ಜೊತೆಗಿರುವ ರೀಡ್‌ಮಿ ಅನ್ನೋ ಟಿಪ್ಪಣಿಯಲ್ಲಿ ಮೂರೇ ಸಾಲು: "ಎಲ್ಲರೂ ಉಚಿತವಾಗಿ ಬಳಸಬಹುದು. ನನ್ನ ಹೆಸರು ತೆಗೆಯಬೇಡಿ. ವ್ಯಾಪಾರಕ್ಕೆ ಬಳಸಬೇಡಿ." ಕಾಪಿ ಮಾಡಿ ಹಂಚಬಹುದು ಅಂತ ಎಲ್ಲೂ ಇಲ್ಲ. ಮಾಡಿದವರನ್ನು ಒಂದು ಮಾತು ಕೇಳೋಣ.

ಮಂಡ್ಯ ಮಾವ: ಅವರೇ ನೆಟ್‌ನಲ್ಲಿ ಇಟ್ಟಿದ್ದಾರೆ ಕಣಮ್ಮ. ನಾನೇನು ಕದ್ದು ತಂದಿದ್ದೀನಾ? ಮಕ್ಕಳಿಗೆ ತಾನೇ?

ನಾನು: ಕದ್ದಿದ್ದೀರಿ ಅಂತ ಯಾರು ಹೇಳಿದರು ಮಾವ? ಆದರೆ ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಪುಸ್ತಕದ ಸಾಲಿಗೇ ಸೇರುತ್ತೆ. ನೋಂದಣಿ ಮಾಡಿಸದಿದ್ದರೂ ಹಕ್ಕು ಬರೆದವರದೇ. ಅವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತೆ. ನಮ್ಮ ಕಾಪಿ ಹಾಳಾದರೆ ಅಂತ ಬ್ಯಾಕಪ್ ಇಟ್ಟುಕೊಳ್ಳಬಹುದು. ಊರಿಗೆಲ್ಲ ಹಂಚೋಕೆ ಅವರ ಒಪ್ಪಿಗೆ ಬೇಕು, ಅದೂ ಬರವಣಿಗೆಯಲ್ಲಿ.

ಅಕ್ಕ: ಫಾಂಟ್ಸ್ ಫೋಲ್ಡರ್ ನೋಡಿದ್ಯಾ? ಎರಡು ಫಾಂಟ್ ಇವೆ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದು ನೋಡಿದೆ. ಒಂದು ನೋಟೋ ಸಾನ್ಸ್ ಕನ್ನಡ. ಓಪನ್ ಫಾಂಟ್ ಲೈಸೆನ್ಸ್ ಅಂತ ಒಳಗೇ ಬರೆದಿದೆ. ಅದನ್ನು ಧಾರಾಳವಾಗಿ ಹಂಚಬಹುದು, ಬರೀ ಫಾಂಟನ್ನೇ ಮಾರಬಾರದು ಅಷ್ಟೇ. ಇನ್ನೊಂದರಲ್ಲಿ ಆಲ್ ರೈಟ್ಸ್ ರಿಸರ್ವ್ಡ್ ಅಂತಿದೆ, ಅಂದರೆ ಎಲ್ಲ ಹಕ್ಕೂ ಮಾಡಿದವರದೇ. ಡಿಟಿಪಿ ಅಂಗಡಿ ಇಟ್ಟವಳಿಗೆ ಇದು ಗೊತ್ತಿರಲೇಬೇಕು. ಸಾಫ್ಟ್‌ವೇರ್ ಬರೆದವರೇ ಆ ಫಾಂಟನ್ನು ಕೇಳದೆ ಸೇರಿಸಿದ್ದರೆ, ಅವರು ಹೂಂ ಅಂದರೂ ಸಾಲದು.

ದೊಡ್ಡಪ್ಪ: ಇಷ್ಟು ಸೂಕ್ಷ್ಮ ನೋಡ್ತಾ ಕೂತರೆ ಯಾವ ಕೆಲಸವೂ ಆಗೋದಿಲ್ಲ. ಯಾರು ಕೇಸ್ ಹಾಕ್ತಾರೆ?

ನಾನು: ಯಾರೂ ಹಾಕಲಿಕ್ಕಿಲ್ಲ ದೊಡ್ಡಪ್ಪ. ಕೇಸಿನ ಭಯಕ್ಕೆ ಹೇಳ್ತಿಲ್ಲ. ಒಬ್ಬರು ತಮ್ಮ ಬಿಡುವಿನಲ್ಲಿ ಕೂತು ನಮ್ಮ ಮಕ್ಕಳಿಗಾಗಿ ಇದನ್ನು ಬರೆದಿದ್ದಾರೆ. ದುಡ್ಡು ಕೇಳಿಲ್ಲ. ಕೇಳಿರೋದು ಎರಡೇ ಮಾತು. ಅದನ್ನಾದರೂ ನಾವು ಉಳಿಸಬೇಕು ಅಲ್ವಾ?

ಇನ್ನೊಂದು, ಅಸ್ಪಷ್ಟ ಮಾತಿನಿಂದ ಒಳ್ಳೇ ಸಾಫ್ಟ್‌ವೇರ್‌ಗೇ ಪೆಟ್ಟು ಬೀಳುತ್ತೆ. ಪೈನ್ ಅಂತ ಒಂದು ಇಮೇಲ್ ಪ್ರೋಗ್ರಾಂ ಇತ್ತು, ವಾಷಿಂಗ್ಟನ್ ವಿಶ್ವವಿದ್ಯಾಲಯದ್ದು. ಕಾಪಿ ಮಾಡಿ, ಬದಲಾಯಿಸಿ, ಹಂಚಿ ಅಂತ ಲೈಸೆನ್ಸ್‌ನಲ್ಲೇ ಇತ್ತು. ಆಮೇಲೆ ಬದಲಾಯಿಸಿದ್ದನ್ನು ಹಂಚೋಕೆ ನಾವು ಒಪ್ಪಿಲ್ಲ ಅಂದರು. ಅದರ ಜೊತೆಗಿದ್ದ, ಬರೆಯೋಕೆ ತಿದ್ದೋಕೆ ಬಳಸುವ ಪಿಕೋ ಎಡಿಟರ್‌ಗೂ ಇದೇ ಗತಿ. ಅದಕ್ಕೇ 1999ರಲ್ಲಿ ಬೇರೆಯವರು ಮೊದಲಿಂದ ಬರೆದರು, ಅದೇ ಇವತ್ತಿನ ನ್ಯಾನೋ. ಅದು ಜಿಪಿಎಲ್‌ನಲ್ಲಿದೆ, ಬದಲಾಯಿಸಿ ಹಂಚೋಕೂ ಬಿಡುವ ಲೈಸೆನ್ಸ್ ಅದು. ಪೈನ್ ಮಾಡಿದವರೇ ಕೊನೆಗೆ ಆಲ್ಪೈನ್ ಅಂತ ಹೊಸದು ತಂದು, ಬದಲಾಯಿಸಿ ಹಂಚೋಕೆ ಬಿಡುವ ಅಪಾಚೆ ಲೈಸೆನ್ಸ್ ಕೊಟ್ಟರು.

ಮಂಡ್ಯ ಮಾವ: ಸರಿ, ಆ 50 ರೂಪಾಯಿ? ಕೂಲಿ ಅದು. ವ್ಯಾಪಾರ ಹೇಗಾಗುತ್ತೆ?

ಅಕ್ಕ: ನಿಮ್ಮ ಪಾಲಿಗೆ ಕೂಲಿ ಮಾವ. ಅಂಗಡಿಯವನಿಗೆ ವ್ಯಾಪಾರ.

ನಾನು: ಜಿಪಿಎಲ್ ಆಗಿದ್ದರೆ ಈ ಜಗಳವೇ ಇರ್ತಿರಲಿಲ್ಲ. ದುಡ್ಡು ತಗೊಂಡು ಕಾಪಿ ಕೊಟ್ಟರೂ ತಪ್ಪಿಲ್ಲ. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳು, ಸಿಗುವ ಹಾಗಿರಬೇಕು, ತಗೊಂಡವರಿಗೂ ಅದೇ ಹಕ್ಕು ಇರಬೇಕು. ಇಲ್ಲಿ ಮಾತ್ರ ಕೂಲಿನಾ ವ್ಯಾಪಾರನಾ ಅಂತ ಬರೆದವರೇ ಹೇಳಬೇಕು. ರೀಡ್‌ಮಿ ಕೆಳಗೆ ಅವರ ಇಮೇಲ್ ಇದೆ. ಹೀಗೆ ಬರೆಯಿರಿ: "ಬದಲಾಯಿಸದೆ, ನಿಮ್ಮ ಹೆಸರಿನೊಂದಿಗೆ, ಸರ್ಕಾರಿ ಶಾಲೆಗಳಿಗೆ ಕಾಪಿ ಕೊಡಬಹುದೇ? ಅಂಗಡಿಯವರು ಕಾಪಿ ಮಾಡುವ ಕೂಲಿ ತೆಗೆದುಕೊಳ್ಳಬಹುದೇ? ಎರಡನೇ ಫಾಂಟ್ ಸೇರಿಸಲು ನಿಮಗೆ ಅನುಮತಿ ಇದೆಯೇ?"

ಮಂಡ್ಯ ಮಾವ: ಕಳಿಸಿದೆ. ಶನಿವಾರದವರೆಗೆ ಕಾಯ್ತೀನಿ. ಉತ್ತರ ಬರಲಿಲ್ಲ ಅಂದರೆ ಒಪ್ಪಿಗೆ ಅಂತಲೇ ಲೆಕ್ಕ.

ನಾನು: ಹಾಗಾಗಲ್ಲ ಮಾವ. ಉತ್ತರ ಬರದಿದ್ದರೆ ಒಪ್ಪಿಗೆಯೂ ಇಲ್ಲ ಅಂತಲೇ ಲೆಕ್ಕ. ಆಗ ಶಾಲೆಗಳಿಗೆ ಅವರ ಪುಟದ ಲಿಂಕ್ ಕಳಿಸಿ, ಅಲ್ಲಿಂದ ಅವರೇ ಇಳಿಸಿಕೊಳ್ಳಲಿ.

ಮಂಡ್ಯ ಮಾವ: ಅರ್ಧ ಶಾಲೆಗಳಲ್ಲಿ ನೆಟ್ ನಿಲ್ಲೋದೇ ಇಲ್ಲ. ಅದಕ್ಕೆ ಏನು ಮಾಡ್ತೀಯಾ?

ನಾನು: ಅಲ್ಲಿಗೆ ನಾನೇ ಬರ್ತೀನಿ. ಭಾನುವಾರ ಮೈಸೂರಿಂದ ಬೆಳಗ್ಗೆ ಟ್ರೈನ್ ಹಿಡಿದರೆ ಆಯ್ತು. ನನ್ನ ಫೋನಿನ ಹಾಟ್‌ಸ್ಪಾಟ್ ಕೊಡ್ತೀನಿ, ಅವರವರ ಕಂಪ್ಯೂಟರಿಗೆ ಅವರೇ ಇಳಿಸಿಕೊಳ್ಳಲಿ. ಅಂಗಡಿಯವನಿಗೆ ಸದ್ಯಕ್ಕೆ ಬೇಡ ಅಂತ ಹೇಳಿ.