ತಾರಸಿಯಿಂದ ದೀರ್ಘ ಸಂಗಮದೂರದ ನೀಹಾರಿಕಾ ಛಾಯಾಗ್ರಹಣ: ಅನುಭವ ಇರುವವರು ದಯವಿಟ್ಟು ತಿಳಿಸಿ

ಕೆಂಗೇರಿ_ತಾರಸಿ:

ನಮಸ್ಕಾರ. ಕೆಂಗೇರಿ ಉಪನಗರದ 30×40 ನಿವೇಶನದ ಮನೆಯ ತಾರಸಿಯಿಂದ 72 ಮಿ.ಮೀ. ರಿಫ್ರ್ಯಾಕ್ಟರ್ (ಮಸೂರದ ದೂರದರ್ಶಕ, ಸಂಗಮದೂರ 430 ಮಿ.ಮೀ.), ಐಎಂಎಕ್ಸ್ 533 ಸೆನ್ಸರಿನ ಕಲರ್ ಕ್ಯಾಮೆರಾ ಮತ್ತು ಹೈಡ್ರೋಜನ್, ಆಮ್ಲಜನಕಗಳ ಬೆಳಕನ್ನಷ್ಟೇ ಬಿಡುವ 7 ನ್ಯಾನೋಮೀಟರಿನ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಬಳಸಿ ಓರಿಯನ್, ರೋಸೆಟ್ ನೀಹಾರಿಕೆಗಳನ್ನು ತೆಗೆದಿದ್ದೇನೆ. ಈಗ ಎಂ 57 (ಉಂಗುರ ನೀಹಾರಿಕೆ), ಏಡಿ ನೀಹಾರಿಕೆ, ಕ್ರೆಸೆಂಟ್ ನೀಹಾರಿಕೆ ಮತ್ತು ಎಂ 16ರ (ಹದ್ದು ನೀಹಾರಿಕೆಯ) ಧೂಳಿನ ಕಂಬಗಳನ್ನು ತೆಗೆಯುವ ಆಸೆ. ಸದ್ಯದ ಉಪಕರಣದಲ್ಲಿ ಎಂ 57 ಐವತ್ತು ಪಿಕ್ಸೆಲ್ ಅಗಲವೂ ಬರುವುದಿಲ್ಲ. ದೂರದರ್ಶಕವನ್ನು ಹೊತ್ತು ಆಕಾಶದೊಡನೆ ತಿರುಗಿಸುವ ಮೌಂಟ್ ಹಾರ್ಮೋನಿಕ್ (ಎದುರುಭಾರ ಬೇಡದ ಗೇರಿನ) ಬಗೆಯದು. 13 ಕಿಲೋ ಹೊರುತ್ತದೆ. ಉತ್ತರ ದಿಕ್ಕಿನ ಮನೆಯವರು ಮೂರನೇ ಮಹಡಿ ಎಬ್ಬಿಸಿರುವುದರಿಂದ ಧ್ರುವ ನಕ್ಷತ್ರ ಕಾಣುವುದಿಲ್ಲ. ಮೂರೂವರೆ ಲಕ್ಷದೊಳಗೆ 8 ಅಂಗುಲದ ಎಸ್‌ಸಿಟಿ (ಶ್ಮಿಟ್-ಕ್ಯಾಸೆಗ್ರೇನ್, ಮುಂದೆ ಗಾಜಿರುವ ಕನ್ನಡಿ ದೂರದರ್ಶಕ) ಸೂಕ್ತವೋ, 8 ಅಂಗುಲದ ಆರ್‌ಸಿ (ರಿಚಿ-ಕ್ರೆಟಿಯನ್, ಮುಂದೆ ಗಾಜಿಲ್ಲದ ಕನ್ನಡಿ ದೂರದರ್ಶಕ) ಸೂಕ್ತವೋ? ಈಗಿರುವ ಮೌಂಟೇ ಸಾಕಾಗುವುದೋ?

ಯಲಹಂಕ_ಇರುಳು:

ಆರ್‌ಸಿಯನ್ನೇ ಕೊಳ್ಳಿ. ನಾನು ಕೊಂಡಿದ್ದೇನೆ ಮತ್ತು ಯಾರು ಏನೇ ಹೇಳಿದರೂ ಅದನ್ನು ಮಾರುವ ಪ್ರಶ್ನೆಯೇ ಇಲ್ಲ. ಆದರೆ ಕೊಳವೆಯ ಬೆಲೆಯನ್ನಷ್ಟೇ ನೋಡಿ ಲೆಕ್ಕ ಹಾಕುವವರು ಈ ದಾರಿಗೆ ಬರಬಾರದು. ಕೊಳವೆಗೆ 1,32,000 ರೂಪಾಯಿ ಕೊಟ್ಟೆ. ಅದರೊಂದಿಗೆ ಬಂದ ಫೋಕಸರ್ ಕ್ಯಾಮೆರಾದ ಭಾರಕ್ಕೆ ಬಾಗುತ್ತಿತ್ತು. ಮಾರಿದವರು ‘ಅದು ಹಾಗೆಯೇ ಇರುತ್ತದೆ’ ಎಂದು ಫೋನ್ ಇಟ್ಟರು. ಬೇರೆ ಫೋಕಸರಿಗೆ 31,500, ಅದನ್ನು ತಿರುಗಿಸುವ ಮೋಟಾರಿಗೆ 18,900, ಆಫ್ ಆಕ್ಸಿಸ್ ಗೈಡರಿಗೆ (ಕೊಳವೆಯ ಬೆಳಕಿನ ಒಂದು ಅಂಚನ್ನು ಗೈಡ್ ಕ್ಯಾಮೆರಾಕ್ಕೆ ತಿರುಗಿಸುವ ಸಾಧನ) 14,200, ಅದರ ಕ್ಯಾಮೆರಾಕ್ಕೆ 37,000, ಕಾಲಿಮೇಷನ್ (ಕನ್ನಡಿಗಳನ್ನು ಒಂದೇ ನೇರಕ್ಕೆ ತರುವ) ಸಾಧನಕ್ಕೆ 22,000. ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡ ಪೊಟ್ಟಣವನ್ನು ಬಿಡಿಸಿಕೊಟ್ಟ ಏಜೆಂಟನಿಗೆ ಕೊಟ್ಟದ್ದನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ.

ಆರ್‌ಸಿಯಲ್ಲಿ ಎರಡೂ ಕನ್ನಡಿಗಳ ಓರೆಯನ್ನು ತಿದ್ದಬೇಕು, ಫೋಕಸರಿನ ಓರೆ ಬೇರೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಆದರೂ ಒಮ್ಮೆ ಕೂಡಿಬಂದ ಮೇಲೆ 1,624 ಮಿ.ಮೀ.ನಲ್ಲಿ, ಮುಂಭಾಗದಲ್ಲಿ ಗಾಜಿಲ್ಲದ ಕಾರಣ ಇಬ್ಬನಿಯ ಕಾಟ ಅಷ್ಟಾಗಿ ಇಲ್ಲದೆ, ಕ್ರೆಸೆಂಟ್ ನೀಹಾರಿಕೆಯ ಹೊರಗಿನ ನೀಲಿ ಆಮ್ಲಜನಕದ ಪದರವನ್ನು ಯಲಹಂಕದಿಂದಲೇ ತೆಗೆದಿದ್ದೇನೆ. ಎಸ್‌ಸಿಟಿಯವರು ಆ ಪದರವನ್ನು ತೋರಿಸಲಿ.

ಮೈಸೂರು_ಎಫ್10:

ತೋರಿಸುತ್ತೇನೆ, ಮೊದಲು ನೀವು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿ ಆಕಾಶ ನೋಡಲು ಬಿಡುವು ಮಾಡಿಕೊಳ್ಳಿ. 8 ಅಂಗುಲದ ಎಸ್‌ಸಿಟಿಯಲ್ಲಿ ತಿದ್ದಬೇಕಾದದ್ದು ಮುಂದಿನ ಮೂರೇ ಸ್ಕ್ರೂಗಳು. ದೊಡ್ಡ ಕನ್ನಡಿ ಜರುಗುತ್ತದೆ ಎಂಬ ದೂರು ನಿಜ. ಮೆರಿಡಿಯನ್ (ಆಕಾಶದ ಉತ್ತರ-ದಕ್ಷಿಣ ನಡುಗೆರೆ) ದಾಟುವಾಗ ನನ್ನದೂ ಜರುಗುತ್ತದೆ. ನಕ್ಷತ್ರವನ್ನು ಹಿಂಬಾಲಿಸಿ ಮೌಂಟನ್ನು ತಿದ್ದಲು ಪಕ್ಕದಲ್ಲಿ ಕಟ್ಟಿದ ಗೈಡ್‌ಸ್ಕೋಪಿಗೆ ಅದು ತಿಳಿಯುವುದಿಲ್ಲವಾದ್ದರಿಂದ ನಕ್ಷತ್ರಗಳು ಗೆರೆಗಳಾಗುತ್ತವೆ. ಆಫ್ ಆಕ್ಸಿಸ್ ಗೈಡರ್ ಅದೇ ಕನ್ನಡಿಯ ಬೆಳಕನ್ನೇ ನೋಡುವುದರಿಂದ ಆ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಯಾರೂ ಮಾತನಾಡದ ಸಂಗತಿಯೆಂದರೆ ತಾರಸಿಯೇ. ಹಗಲೆಲ್ಲ ಕಾದ ಕಾಂಕ್ರೀಟು ನಡುರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ, ಆ ಕಾವು ಕೊಳವೆಯ ಮುಂದೆಯೇ ಏಳುತ್ತದೆ. ನಾನು ತಾರಸಿಗೆ ಬಿಳಿಯ ಶಾಖನಿರೋಧಕ ಬಣ್ಣ ಬಳಿಸಿದೆ. ಬಣ್ಣ, ಕೂಲಿ ಸೇರಿ 27,500. ಟ್ರೈಪಾಡನ್ನು ಸ್ಲ್ಯಾಬಿನ ನಡುವಿನಿಂದ ತೆಗೆದು, ಕೆಳಗೆ ಕಾಲಂ ಇರುವ ಮೂಲೆಗೆ ಸರಿಸಿದೆ. ಅದಕ್ಕೂ ಮುಂಚೆ ಸಂಪಿನ ಮೋಟಾರ್ ಹಾಕಿದಾಗಲೆಲ್ಲ ಗೈಡಿಂಗ್ ಗ್ರಾಫ್ ಗರಗಸದ ಹಲ್ಲಿನಂತಾಗುತ್ತಿತ್ತು. ಇಷ್ಟಾದ ಮೇಲೂ ನಮ್ಮ ಬಡಾವಣೆಯ ಗಾಳಿ ಎರಡು ಆರ್ಕ್‌ಸೆಕೆಂಡಿಗಿಂತ (ಡಿಗ್ರಿಯ 3,600ರ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಉತ್ತಮವಾಗುವುದು ಅಪರೂಪ. 2,032 ಮಿ.ಮೀ.ನಲ್ಲಿ 3.76 ಮೈಕ್ರಾನಿನ ಪಿಕ್ಸೆಲ್ 0.38 ಆರ್ಕ್‌ಸೆಕೆಂಡನ್ನು ನೋಡುತ್ತದೆ, ಅದು ವ್ಯರ್ಥ. 0.63 ರೆಡ್ಯೂಸರ್ (ಸಂಗಮದೂರ ತಗ್ಗಿಸುವ ಮಸೂರ) ಹಾಕಿದರೆ 1,280 ಮಿ.ಮೀ.ಗೆ 0.6 ಆಗುತ್ತದೆ, ಅಲ್ಲಿ ನಿಲ್ಲಿಸಿ.

ಆಸ್ಟಿನ್_ಹಿತ್ತಲು:

ನೀವಿಬ್ಬರೂ ಕೊಳವೆಯ ಮೇಲೆ ಜಗಳವಾಡುತ್ತಿದ್ದೀರಿ. ದೀರ್ಘ ಸಂಗಮದೂರದಲ್ಲಿ ಹಣ ಹೋಗಬೇಕಾದದ್ದು ಮೌಂಟಿಗೆ. ಹಾರ್ಮೋನಿಕ್ ಮೌಂಟುಗಳ ಹಲ್ಲುಗಳ ದೋಷ ಇಪ್ಪತ್ತು ಆರ್ಕ್‌ಸೆಕೆಂಡ್ ಆಚೀಚೆ ಹೋಗುವುದು ಸಾಮಾನ್ಯ. ಅದನ್ನು ಅರ್ಧ ಸೆಕೆಂಡಿಗೊಮ್ಮೆ, ಹೆಚ್ಚೆಂದರೆ ಸೆಕೆಂಡಿಗೊಮ್ಮೆ ಗೈಡ್ ಮಾಡಿ ತಿದ್ದಬೇಕು, ಮತ್ತು ಅಷ್ಟು ಚುರುಕಾಗಿ ತಿದ್ದುವಾಗ ನೀವು ಗಾಳಿಯ ಕಂಪನವನ್ನೇ ಬೆನ್ನಟ್ಟುತ್ತಿರುತ್ತೀರಿ. ನಾನು ಹಳೆಯ ವರ್ಮ್ ಗೇರಿನ ಮೌಂಟನ್ನು 1,450 ಡಾಲರಿಗೆ ಕೊಂಡು, ಬಿಚ್ಚಿ, ಗ್ರೀಸ್ ಬದಲಿಸಿ, ಬೆಲ್ಟ್ ಹಾಕಿದ್ದೇನೆ. ಹಿತ್ತಲಿನಲ್ಲಿ ಕಾಂಕ್ರೀಟ್ ಕಂಬ ನಿಲ್ಲಿಸಲು ಬಡಾವಣೆಯ ನಿವಾಸಿಗಳ ಸಂಘದ ಅನುಮತಿ ಬೇಕಾಯಿತು. ಮೊದಲ ಅರ್ಜಿಯನ್ನು ‘ಧ್ವಜಸ್ತಂಭ’ ಎಂದು ತಪ್ಪಾಗಿ ದಾಖಲಿಸಿದ್ದರಿಂದ ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು. ಈಗ ಗೈಡಿಂಗ್ ದೋಷ ಅರ್ಧ ಆರ್ಕ್‌ಸೆಕೆಂಡಿನ ಸುತ್ತ ನಿಂತಿದೆ. ಊರಿನಲ್ಲಿರುವವರು ಹಾರ್ಮೋನಿಕ್ ಹಿಂದೆ ಏಕೆ ಓಡುತ್ತಾರೋ ನನಗೆ ತಿಳಿಯದು.

ಯಲಹಂಕ_ಇರುಳು:

ಏಕೆಂದರೆ, ಸ್ವಾಮಿ, ಊರಿನಲ್ಲಿರುವವರು ಹಿತ್ತಲಿನಲ್ಲಿ ಕಂಬ ನೆಟ್ಟುಕೊಂಡಿಲ್ಲ. ಪ್ರತಿ ರಾತ್ರಿ ಎರಡು ಮಹಡಿ ಮೆಟ್ಟಿಲು ಹತ್ತಿ ಎಲ್ಲವನ್ನೂ ಹೊರಬೇಕು. ವರ್ಮ್ ಗೇರಿನ ಮೌಂಟಿಗೆ ಎದುರುಭಾರ ಬೇರೆ. ನಿಮಗೆ ಧ್ರುವ ನಕ್ಷತ್ರ 30 ಡಿಗ್ರಿ ಎತ್ತರದಲ್ಲಿದೆ, ನಮಗೆ 13 ಡಿಗ್ರಿ. ಅಷ್ಟು ಎತ್ತರವನ್ನು ಪಕ್ಕದ ಮನೆಯ ನೀರಿನ ಟ್ಯಾಂಕೇ ನುಂಗುತ್ತದೆ. ನೀವು 1,450 ಡಾಲರಿಗೆ ಕೊಂಡದ್ದು ಇಲ್ಲಿಗೆ ಬರುವಾಗ ಎಷ್ಟಾಗುತ್ತದೆಂದು ಒಮ್ಮೆ ಲೆಕ್ಕ ಹಾಕಿ, ಆಮೇಲೆ ಉಪದೇಶ ಮಾಡಿ.

ಆಸ್ಟಿನ್_ಹಿತ್ತಲು:

ನಾನು ಉಪದೇಶ ಮಾಡಲಿಲ್ಲ, ಅನುಭವ ಹೇಳಿದೆ. ಚಳಿಗಾಲದಲ್ಲಿ ನಮ್ಮ ನೆತ್ತಿಯ ಮೇಲೆ ಜೆಟ್ ಪ್ರವಾಹ ಹರಿಯುವಾಗ ನಕ್ಷತ್ರಗಳು ನಾಲ್ಕು ಆರ್ಕ್‌ಸೆಕೆಂಡಿಗೆ ಊದಿಕೊಳ್ಳುತ್ತವೆ. ನಿಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಅದರ ಕಾಟ ಕಡಿಮೆ. ಅದಕ್ಕೆ ನಾನು ಯಾರನ್ನು ದೂರಲಿ?

ಇರುಳುಗಣ್ಣ:

ಈ ಚರ್ಚೆಯೇ ವ್ಯರ್ಥವೆಂದು ಹೇಳಬೇಕಾಗಿದೆ. ನಾನು 8 ಅಂಗುಲದ ಕೊಳವೆಯನ್ನು ಕೊಂಡ ಬೆಲೆಗಿಂತ 48,000 ಕಡಿಮೆಗೆ ಮಾರಿ, ಈಗ ಅಮಾವಾಸ್ಯೆಯ ಆಸುಪಾಸಿನಲ್ಲಿ ಚಿತ್ರದುರ್ಗದ ಆಚೆಯ ಹಳ್ಳಿಯೊಂದಕ್ಕೆ ಹೋಗಿ ಬರುತ್ತೇನೆ. ಬೀದಿಗೆ ಬಿಳಿ ಎಲ್‌ಇಡಿ ಬಂದ ಮೇಲೆ ನಗರದಲ್ಲಿ ಉಳಿದದ್ದು ಏನೂ ಇಲ್ಲ. ಸೋಡಿಯಂ ದೀಪದ ಕಾಲದಲ್ಲಿ ಅದರ ಹಳದಿಯನ್ನು ಫಿಲ್ಟರಿನಿಂದ ಕತ್ತರಿಸಬಹುದಿತ್ತು. ಎಲ್‌ಇಡಿಯ ಬೆಳಕು ವರ್ಣಪಟಲದ ತುಂಬ ಹರಡಿದೆ. ಮದುವೆ ಛತ್ರದವರು ಆಕಾಶಕ್ಕೆ ಬೀಸುವ ಬೆಳಕಿನ ಕೋಲುಗಳ ಬಗ್ಗೆ ಬರೆಯಲು ಹೊರಟರೆ ಸಭ್ಯತೆ ಉಳಿಯುವುದಿಲ್ಲ.

ಮೈಸೂರು_ಎಫ್10:

ಕೊಳವೆ ಮಾರಿದ ನೋವನ್ನು ನಗರದ ಮೇಲೆ ಹಾಕಬೇಡಿ. ಎಂ 78ರಂತಹ ಪ್ರತಿಫಲನ ನೀಹಾರಿಕೆಗಳ ಮಟ್ಟಿಗೆ ನೀವು ಹೇಳುವುದು ಸರಿ. ಅವುಗಳ ಬೆಳಕು ನಕ್ಷತ್ರದ್ದೇ ಆದ್ದರಿಂದ ಯಾವ ಫಿಲ್ಟರೂ ನೆರವಾಗದು. ಆದರೆ ಉತ್ಸರ್ಜನ ನೀಹಾರಿಕೆ ಹೊಳೆಯುವುದು ಕೆಲವೇ ಗೆರೆಗಳಲ್ಲಿ: ಹೈಡ್ರೋಜನ್ ಆಲ್ಫಾ 656.3 ನ್ಯಾನೋಮೀಟರಿನಲ್ಲಿ, ಆಮ್ಲಜನಕ ಮುಖ್ಯವಾಗಿ 500.7ರಲ್ಲಿ. ಎಲ್‌ಇಡಿಯ ಬೆಳಕು ಹರಡಿಕೊಂಡಿರುವುದರಿಂದಲೇ 7ರ ಬದಲು 3 ನ್ಯಾನೋಮೀಟರಿನ ಫಿಲ್ಟರ್ ಹಾಕಿದರೆ ಅದರ ಪಾಲು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ನೀಹಾರಿಕೆಯ ಗೆರೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಹುಣ್ಣಿಮೆಯ ಹತ್ತಿರ ಆಮ್ಲಜನಕವನ್ನು ಬಿಟ್ಟು ಹೈಡ್ರೋಜನ್ ತೆಗೆಯುತ್ತೇನೆ. ಮಾನೋ (ಕಪ್ಪು-ಬಿಳುಪು) ಕ್ಯಾಮೆರಾ ಇರುವವರಿಗೆ ಆ ಅನುಕೂಲವಿದೆ.

ಇರುಳುಗಣ್ಣ:

ಮಾನೋ ಕ್ಯಾಮೆರಾ, ಫಿಲ್ಟರ್ ಚಕ್ರ, ತಲಾ 26,000 ರೂಪಾಯಿಯ ಮೂರು ಫಿಲ್ಟರುಗಳು. ಆ ಹಣದಲ್ಲಿ ನನ್ನ ಕಾರಿಗೆ ಎಷ್ಟು ವರ್ಷದ ಪೆಟ್ರೋಲ್ ಬರುತ್ತದೆಂಬುದನ್ನೂ ಬರೆಯಿರಿ. ಕೊನೆಗೆ ಹಸಿರು ಕಂಬಗಳನ್ನು ತೋರಿಸಿ, ಕೃತಕ ಬುದ್ಧಿಮತ್ತೆಯ ತಂತ್ರಾಂಶದಲ್ಲಿ ಚೂಪು ಮಾಡಿ, ‘ಮೈಸೂರಿನಿಂದ ತೆಗೆದದ್ದು’ ಎನ್ನುತ್ತೀರಿ. ಚೂಪು ಬಂದದ್ದು ಮೈಸೂರಿನಿಂದಲೋ, ತಂತ್ರಾಂಶದಿಂದಲೋ?

ಮೈಸೂರು_ಎಫ್10:

ಇದೇ ಕಂಬಗಳ 1995ರ ಹಬಲ್ ಚಿತ್ರದಲ್ಲಿಯೂ ಹೈಡ್ರೋಜನ್ನಿಗೆ ಹಸಿರು, ಗಂಧಕಕ್ಕೆ ಕೆಂಪು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದರು. ಅದನ್ನು ಯಾರೂ ಮೋಸವೆನ್ನಲಿಲ್ಲ. ಗಂಧಕ ಮತ್ತು ಹೈಡ್ರೋಜನ್ ಎರಡೂ ಕೆಂಪು ಗೆರೆಗಳಾದ್ದರಿಂದ ಅವನ್ನು ಬೇರೆ ಮಾಡಿ ತೋರಿಸಲು ಹಾಗೆ ಬಣ್ಣ ಹಚ್ಚುತ್ತಾರೆ. ತಂತ್ರಾಂಶದ ವಿಷಯದಲ್ಲಿ, ನಕ್ಷತ್ರಗಳ ಊದಿಕೆಯನ್ನು ಅಳೆದು ತಿದ್ದುವ ಮಟ್ಟಿಗೆ ಬಳಸುತ್ತೇನೆ. ಇಲ್ಲದ ತಂತುಗಳನ್ನು ಅದು ಹುಟ್ಟಿಸಿದಾಗ ಹಬಲ್ ಚಿತ್ರದೊಡನೆ ಹೋಲಿಸಿ ಅಳಿಸುತ್ತೇನೆ. ಹಲವು ಚಿತ್ರಗಳನ್ನು ಒಂದಾಗಿ ಸೇರಿಸಿ ಸ್ಟ್ಯಾಕ್ ಮಾಡುವುದೂ ತಂತ್ರಾಂಶವೇ ಅಲ್ಲವೇ?

ಯಲಹಂಕ_ಇರುಳು:

ಹಬಲ್ ನೋಡಿ ತಿದ್ದುವುದಾದರೆ ಹಬಲ್ ಚಿತ್ರವನ್ನೇ ಹಾಕಿ, ಫಿಲ್ಟರಿನ ಹಣವೂ ಉಳಿಯುತ್ತದೆ. ಈ ಒಂದು ವಿಷಯದಲ್ಲಿ ನಾನು ಇರುಳುಗಣ್ಣ ಅವರ ಪರ.

ಕೆಂಗೇರಿ_ತಾರಸಿ:

ಎಲ್ಲರಿಗೂ ವಂದನೆಗಳು. ಆದರೆ ನಾನು ಎತ್ತಿದ ಎರಡು ವಿಷಯ ಹಾಗೆಯೇ ಉಳಿದಿವೆ: 13 ಕಿಲೋ ಹೊರುವ ನನ್ನ ಮೌಂಟ್ ಈ ಕೊಳವೆಗಳಿಗೆ ಸಾಲುತ್ತದೆಯೇ, ಮತ್ತು ಧ್ರುವ ನಕ್ಷತ್ರ ಕಾಣದೆ ಪೋಲಾರ್ ಅಲೈನ್‌ಮೆಂಟ್ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು) ಮಾಡುವುದು ಹೇಗೆ?

ಮೈಸೂರು_ಎಫ್10:

ಎಸ್‌ಸಿಟಿ ಕೊಳವೆ ಆರು ಕಿಲೋದೊಳಗೆ, ಆರ್‌ಸಿ ಏಳರ ಆಸುಪಾಸು. ಕ್ಯಾಮೆರಾ, ಗೈಡರ್, ಡ್ಯೂ ಹೀಟರ್ ಸೇರಿದರೂ ಎರಡನ್ನೂ ಹೊರುತ್ತದೆ. ಎಕ್ಸ್‌ಪೋಷರನ್ನು ಎರಡು ಮೂರು ನಿಮಿಷಕ್ಕೆ ಇಳಿಸಿ, ಕೆಟ್ಟ ಚಿತ್ರಗಳನ್ನು ಎಸೆಯಿರಿ. ಧ್ರುವ ನಕ್ಷತ್ರದ ಅಗತ್ಯವೇ ಇಲ್ಲ. ನೀನಾ ತಂತ್ರಾಂಶದ ‘ಥ್ರೀ ಪಾಯಿಂಟ್’ ಪ್ಲಗಿನ್ ಆಕಾಶದ ಬೇರೆ ಕಡೆ ಮೂರು ಚಿತ್ರ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ಎಷ್ಟು ತಿರುಗಿಸಬೇಕೆಂದು ಹೇಳುತ್ತದೆ. ರೆಡ್ಯೂಸರಿನಿಂದ ಸೆನ್ಸರಿಗೆ 105 ಮಿ.ಮೀ. ಅಂತರವಿರುವುದರಿಂದ ಆಫ್ ಆಕ್ಸಿಸ್ ಗೈಡರಿಗೆ ಜಾಗ ಧಾರಾಳವಾಗಿ ಸಿಗುತ್ತದೆ.

ಇನ್ನು ಎಂ 16 ನಡುರಾತ್ರಿಗೆ ಅತಿ ಎತ್ತರಕ್ಕೇರುವುದು ಜೂನ್ ಕೊನೆಯ ಹೊತ್ತಿಗೆ, ಆಗ ನಮಗೆ ಮುಂಗಾರು. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವಕ್ಕೆ ಎದ್ದು ತೆಗೆಯಿರಿ. ಆ ಹೊತ್ತಿಗೆ ತಾರಸಿಯೂ ತಣಿದಿರುತ್ತದೆ. ಕಂಬಗಳು ಕೆಂಗೇರಿಯಿಂದ 63 ಡಿಗ್ರಿ ಎತ್ತರಕ್ಕೆ ಬರುತ್ತವೆ, ಆಸ್ಟಿನ್ನಿನಿಂದ 46ಕ್ಕೆ ಮಾತ್ರ.

ಆಸ್ಟಿನ್_ಹಿತ್ತಲು:

46 ಡಿಗ್ರಿಯಲ್ಲಿ ತೆಗೆದ ಚಿತ್ರವನ್ನು ಇಂದು ರಾತ್ರಿ ಹಾಕುತ್ತೇನೆ. ತಂತ್ರಾಂಶದಿಂದ ಚೂಪು ಮಾಡದೆ ನಿಮ್ಮದನ್ನೂ ಹಾಕಿ, ಮೂಲ ಸ್ಟ್ಯಾಕ್ ಸಮೇತ.